ದಿನವೂ ಬರೆಯುವುದರಿಂದ ಯೋಚನೆ ತಿಳಿಯಾಗುತ್ತದೆಯೇ?

ಪ್ರಶ್ನೆ: ಕೆಲಸ ಮುಗಿದ ಮೇಲೆ ದಿನವೂ ಸ್ವಲ್ಪ ಹೊತ್ತು ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ. ಆದರೆ ನಡೆದದ್ದರ ವರದಿಯಿಂದಲೇ ಪುಟ ತುಂಬುತ್ತದೆ. ನಿರ್ಧಾರಗಳಲ್ಲಿ ಸ್ಪಷ್ಟತೆ ಕಾಣುತ್ತಿಲ್ಲ. ಬರವಣಿಗೆ ಯೋಚನೆಗೆ ನೆರವಾಗಬೇಕಾದರೆ ಏನನ್ನು ಬರೆಯಬೇಕು?

ಉತ್ತರ 1: ನಡೆದದ್ದಕ್ಕಿಂತ ಅದರ ಕಾರಣವನ್ನು ಬರೆಯಿರಿ. ನಮ್ಮ ಮನಸ್ಸು ಏಕಕಾಲಕ್ಕೆ ಕೆಲವೇ ಸಂಗತಿಗಳನ್ನು ಹಿಡಿದಿಡಬಲ್ಲದಾದ್ದರಿಂದ, ಒಳಗೆ ಗಟ್ಟಿಯಾಗಿ ತೋರುವ ವಾದದ ಬಿರುಕು ವಾಕ್ಯವಾಗಿ ಎದುರಿಗೆ ಬಂದಾಗಲೇ ಗೋಚರಿಸುತ್ತದೆ. ‘ಆದ್ದರಿಂದ’ ಎಂದು ಬರೆದು ಮುಂದೆ ಸಾಗಲಾಗದಿದ್ದರೆ, ಯೋಚನೆ ಅಲ್ಲಿ ಇನ್ನೂ ಬಾಕಿಯಿದೆ ಎಂದರ್ಥ.

ಉತ್ತರ 2: ಚಾರ್ಲ್ಸ್ ಡಾರ್ವಿನ್ 1837ರಲ್ಲಿ ಜೀವಿಗಳ ಮಾರ್ಪಾಡಿನ ಕುರಿತು ಟಿಪ್ಪಣಿ ಪುಸ್ತಕವೊಂದನ್ನು ಆರಂಭಿಸಿದರು, ಸಿದ್ಧಾಂತ ಗ್ರಂಥರೂಪದಲ್ಲಿ ಹೊರಬಂದದ್ದು 1859ರಲ್ಲಿ. ತಮ್ಮ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಕಂಡೊಡನೆ ಅವರು ತಪ್ಪದೆ ಬರೆದುಕೊಳ್ಳುತ್ತಿದ್ದರು, ಏಕೆಂದರೆ ಅನುಕೂಲಕರ ಸಂಗತಿಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆಂದು ಅನುಭವದಿಂದ ಅರಿತಿದ್ದರು. ಎಲ್ಲ ಅಭ್ಯಾಸಗಳಲ್ಲಿ ಇದೇ ಮಿಗಿಲೆಂದು ನಾನು ಭಾವಿಸುತ್ತೇನೆ. ನಿರ್ಧಾರ ಕೈಗೊಳ್ಳುವಾಗಲೇ ನಿರೀಕ್ಷೆಯನ್ನೂ, ಅದು ಸುಳ್ಳಾಗಬಹುದಾದ ಕಾರಣವನ್ನೂ ದಿನಾಂಕದೊಂದಿಗೆ ಬರೆದಿಟ್ಟರೆ, ಫಲಿತಾಂಶ ಬಂದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎಂಬ ಭ್ರಮೆಗೆ ಎಡೆಯಿರುವುದಿಲ್ಲ.

ಉತ್ತರ 3: ಬರೆದದ್ದನ್ನು ವಾರಕ್ಕೊಮ್ಮೆಯಾದರೂ ಮರಳಿ ಓದಿ. ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಅಡಚಣೆ ಯಾವುದೆಂಬುದು ಒಂದು ದಿನದ ಟಿಪ್ಪಣಿಯಿಂದ ತಿಳಿಯದು.