ತೋಟದಲ್ಲಿ ನಿಲ್ಲಿಸಿದ ಟ್ರೈಲರ್ ರೂಮು ಅಲ್ಲಾಡುತ್ತದೆ, ಎಂತ ಮಾಡುವುದು?

ಎರ್ಮಾಳು ಅಕ್ಕ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಪಡುಬಿದ್ರಿ ಹತ್ತಿರ ಎರ್ಮಾಳಿನಲ್ಲಿ ನಮ್ಮದೊಂದು ತೆಂಗಿನ ತೋಟ ಉಂಟು. ಕಡಲಿಗೆ ನಡೆದೇ ಹೋಗಬಹುದು. ಅಲ್ಲಿ ಟೆಂಟ್ ಹಾಕಿ ಬಂದವರಿಗೆ ಉಳಿಯುವ ವ್ಯವಸ್ಥೆ ಮಾಡಿದ್ದೇವೆ. ಅಮೆರಿಕದಲ್ಲಿ ಫಿಫ್ತ್ ವ್ಹೀಲ್ ಅಂತ ಇರುತ್ತದಲ್ಲ, ಪಿಕಪ್ ಗಾಡಿಯ ಬೆನ್ನ ಮೇಲೆ ಮೂತಿ ಇಟ್ಟುಕೊಂಡು ಹೋಗುವ ಮನೆ, ಅದರ ವಿಡಿಯೊ ನೋಡಿದ ನನ್ನ ತಮ್ಮನ ಮಗ ಒಂದು ಹಳೆಯ 20 ಅಡಿಯ ಸೆಮಿ ಟ್ರೈಲರನ್ನು (ಹಿಂದೆ ಮಾತ್ರ ಚಕ್ರ ಇದ್ದು, ಮೂತಿ ಲಾರಿಯ ಮೇಲೆ ಕೂರುವಂಥದ್ದು) ಗುಜರಿಯಿಂದ ತಂದ. ಅದರ ಮೇಲೆ ಶೀಟು, ಪ್ಲೈವುಡ್ ಹೊಡೆಸಿ ರೂಮು ಮಾಡಿದ. ಮುಂದೆ ಮೂತಿಯ ಮೇಲೆ ಮಂಚ. ಹಿಂದೆ ಸಣ್ಣ ಅಡುಗೆ ಕಟ್ಟೆ, ಬಾತ್‌ರೂಮು, ನೀರಿನ ಟ್ಯಾಂಕ್. ಇದು ರೋಡಿಗೆ ಇಳಿಯುವುದಿಲ್ಲ, ತೋಟದಲ್ಲೇ ನಿಂತಿರುತ್ತದೆ.

ಚಂದ ಉಂಟು. ಆದರೆ ಅಲ್ಲಾಡುತ್ತದೆ! ರಾತ್ರಿ ಒಬ್ಬರು ಬಾತ್‌ರೂಮಿಗೆ ಎದ್ದರೆ ಮಂಚದಲ್ಲಿ ಮಲಗಿದವರಿಗೂ ಎಚ್ಚರ. ಮೊನ್ನೆ ಬೆಂಗಳೂರಿನಿಂದ ಬಂದ ಅಜ್ಜಿಯೊಬ್ಬರು ಬೆಳಿಗ್ಗೆ ಚಾ ಕುಡಿಯುತ್ತಾ, "ದೋಣಿಯಲ್ಲಿ ಮಲಗಿದ ಹಾಗಾಯ್ತಮ್ಮ" ಎಂದರು. ಹುಡುಗ ಅದನ್ನೇ ಬೋರ್ಡಿನಲ್ಲಿ ಬರೆಸುವ ಅಂತಾನೆ. ಅವನಿಗೆ ಎಲ್ಲವೂ ತಮಾಷೆ.

ನೆಲ ಪೂರ್ತಿ ಹೊಯಿಗೆ, ಅಂದರೆ ಮರಳು. ಮುಂದಿನ ಎರಡು ಲ್ಯಾಂಡಿಂಗ್ ಲೆಗ್‌ಗಳ (ಲಾರಿ ಇಲ್ಲದಾಗ ಟ್ರೈಲರಿನ ಮುಂಭಾಗ ನಿಲ್ಲುವ ಕಬ್ಬಿಣದ ಕಾಲುಗಳ) ಅಡಿಗೆ ಸಿಮೆಂಟಿನ ಹಾಲೋ ಬ್ಲಾಕ್ ಇಟ್ಟಿದ್ದಾರೆ. ಬಲಗಡೆಯದ್ದು ಸ್ವಲ್ಪ ಕುಸಿದಿದೆ. ಒಬ್ಬ ಫ್ಯಾಬ್ರಿಕೇಟರ್ ನಾಲ್ಕು ಮೂಲೆಗೂ ಹೈಡ್ರಾಲಿಕ್ ಜಾಕ್ ಹಾಕುವ ಅಂತ ದೊಡ್ಡ ಲೆಕ್ಕ ಕೊಟ್ಟಿದ್ದಾನೆ. ಆ ದುಡ್ಡಿಗೆ ನಾನು ಇನ್ನೊಂದು ಬಾವಿ ತೋಡಿಸಬಹುದು. ಮಳೆ ಹಿಡಿಯುವ ಮೊದಲು ಕಡಿಮೆ ಖರ್ಚಿನಲ್ಲಿ ಗಟ್ಟಿ ನಿಲ್ಲಿಸುವುದು ಹೇಗೆ? ತಿಳಿದವರು ಹೇಳಿ ಮಾರಾಯ್ರೆ.

ಬೈಕಂಪಾಡಿ ಲೈನ್ ಬರೆದದ್ದು:

ಅಕ್ಕ, ನಾನು ಪಣಂಬೂರು ಬಂದರಿಗೆ ಕಂಟೇನರ್ ಗಾಡಿ ಬಿಡುವವನು. ಅಲ್ಲಾಟದ ಮಾತು ಆಮೇಲೆ. ಮೊದಲು ಆ ಮಂಚದ ವಿಷಯ.

ಟ್ರೈಲರಿನ ಕಿಂಗ್‌ಪಿನ್, ಅಂದರೆ ಮೂತಿಯ ಅಡಿಯಲ್ಲಿ ಲಾರಿಗೆ ಸಿಕ್ಕಿಸುವ ದಪ್ಪ ಗೂಟ, ಲಾರಿಯ ಮೇಲೆ ಕೂತಿರುವಾಗ ಮೂತಿಯ ಭಾರವನ್ನು ಲಾರಿ ಹೊರುತ್ತದೆ. ಲಾರಿ ಬಿಚ್ಚಿದ ಮೇಲೆ ಕಾಲುಗಳಿಂದ ಮುಂದೆ ಇರುವುದಕ್ಕೆ ಅಡಿಯಲ್ಲಿ ಯಾವ ಆಧಾರವೂ ಇಲ್ಲ. ಯಾರ್ಡಿನಲ್ಲಿ ಬಿಚ್ಚಿಟ್ಟ ಟ್ರೈಲರಿನ ಮುಂಭಾಗಕ್ಕೆ ಫೋರ್ಕ್‌ಲಿಫ್ಟ್ ಹೋದರೆ ಮೂತಿ ನೆಲಕ್ಕೆ ಬಡಿದು ಹಿಂದಿನ ಚಕ್ರ ಮೇಲೇಳುವುದುಂಟು. ಅದಕ್ಕೇ ಮೂತಿಯ ಅಡಿಗೆ ಸ್ಟ್ಯಾಂಡ್ ಕೊಡುವುದು. ನಿಮ್ಮದರಲ್ಲಿ ಹಿಂದೆ ಬಾತ್‌ರೂಮು, ಟ್ಯಾಂಕ್ ಇರುವುದರಿಂದ ಅಷ್ಟು ಆಗಲಿಕ್ಕಿಲ್ಲ. ಆದರೆ ಟ್ಯಾಂಕ್ ಖಾಲಿ ಇದ್ದು, ಮಕ್ಕಳೆಲ್ಲ ಮಂಚದ ಮೇಲೆ ಹಾರಲು ಶುರು ಮಾಡಿದರೆ? ಮೂತಿಯ ಅಡಿಗೆ ಆಧಾರ ಕೊಡದೆ ಇನ್ನು ಯಾರನ್ನೂ ಮಲಗಿಸಬೇಡಿ.

ಹಾಲೋ ಬ್ಲಾಕ್ ಇವತ್ತೇ ತೆಗೆಯಿರಿ. ಪಾದ ತೂತಿನ ಮೇಲೆ ಕೂತರೆ ಬ್ಲಾಕ್ ಒಮ್ಮೆಲೇ ಪುಡಿಯಾಗುತ್ತದೆ. ನಾವು ದಪ್ಪ ಮರದ ತುಂಡು ಇಡುತ್ತೇವೆ. ಏಪ್ರಿಲ್, ಮೇ ಬಿಸಿಲಿಗೆ ಡಾಂಬರಿನಲ್ಲೇ ಕಾಲು ಇಳಿಯುತ್ತದೆ, ಹೊಯಿಗೆಯನ್ನು ಕೇಳುವುದೇ ಬೇಡ.

ಕಾಲಿನ ಒಳಗಿನ ಕೊಳವೆ ಎಷ್ಟು ಹೊರಗೆ ಬಂದಿದೆ ನೋಡಿ. ಹೊರಗೆ ಬಂದಷ್ಟೂ ಅಲ್ಲಾಟ ಜಾಸ್ತಿ. ಅಡಿಗೆ ಮರದ ಅಟ್ಟಿ ಎತ್ತರ ಮಾಡಿ, ಕಾಲನ್ನು ಗಿಡ್ಡ ಮಾಡಿ. ಕಾಲಿನಿಂದ ಹಿಂದಕ್ಕೆ ಚಾಸಿಗೆ (ಅಡಿಯ ಕಬ್ಬಿಣದ ಚೌಕಟ್ಟಿಗೆ) ಓರೆಯಾಗಿ ಹೋಗುವ ಪಟ್ಟಿ ಇರಬೇಕು. ಗುಜರಿ ಗಾಡಿಯಲ್ಲಿ ಅದರ ಬೋಲ್ಟ್ ತುಕ್ಕು ಹಿಡಿದು ಸಡಿಲ ಆಗಿರುತ್ತದೆ, ಇಲ್ಲವಾದರೆ ಪಟ್ಟಿಯೇ ಇರುವುದಿಲ್ಲ. ಬ್ರೇಕ್ ಹಿಡಿದಿದೆ ಅಂತ ನಂಬಬೇಡಿ, ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡ ಕೊಡಿ.

ಉಡುಪಿ ಟು ಡಲ್ಲಾಸ್ ಬರೆದದ್ದು:

ನಮ್ಮ ಮನೆ ಕಲ್ಯಾಣಪುರ. ಈಗ ಟೆಕ್ಸಸ್‌ನಲ್ಲಿದ್ದೇನೆ. ನನ್ನ ಹತ್ತಿರ ನಿಜವಾದ ಫಿಫ್ತ್ ವ್ಹೀಲ್ ಉಂಟು, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಇಲ್ಲಿಯೂ ಎಲ್ಲರದ್ದೂ ಇದೇ ರಗಳೆ.

ಸಾಮಾನು ತರುವ ಮೊದಲು ಒಂದು ಕೆಲಸ ಮಾಡಿ. ಹುಡುಗನಿಗೆ ಒಳಗೆ ನಡೆಯಲು ಹೇಳಿ, ನೀವು ಹೊರಗೆ ಕುರ್ಚಿ ಹಾಕಿ ಕೂತು ಅಡಿಭಾಗ ನೋಡಿ. ಟ್ರೈಲರ್ ಮೂರು ಥರ ಅಲ್ಲಾಡುತ್ತದೆ. ಹಿಂದೆ ಮುಂದೆ ಹೋದರೆ ಚಕ್ರ ಸ್ವಲ್ಪ ಉರುಳುತ್ತಿದೆ ಅಂತ ಅರ್ಥ. ಎರಡು ಆಕ್ಸಲ್ ಇದ್ದರೆ ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವೆ ಬಿಗಿಯುವ ಚೋಕ್ ಇಲ್ಲಿ ಸಿಗುತ್ತದೆ, ತಿರುಗಿಸಿದರೆ ಎರಡೂ ಟೈರಿಗೆ ಒತ್ತಿ ನಿಲ್ಲುತ್ತದೆ. ಎಡಕ್ಕೆ ಬಲಕ್ಕೆ ತೂಗಿದರೆ ಕಾಲುಗಳಿಗೆ ಓರೆ ಪಟ್ಟಿ ಬೇಕು. ಬರೀ ನೇರ ಕಾಲು ಎಷ್ಟು ದಪ್ಪ ಇದ್ದರೂ ಬಾಗುತ್ತದೆ, ತ್ರಿಕೋನ ಮಾಡಿದರೆ ನಿಲ್ಲುತ್ತದೆ. ಮೇಲೆ ಕೆಳಗೆ ಕುಣಿದರೆ ಅದು ಟೈರ್ ಮತ್ತು ಸ್ಪ್ರಿಂಗ್.

ಮೂತಿಗೆ ನಾವು ಮೂರು ಕಾಲಿನ ಸ್ಟ್ಯಾಂಡ್ ಇಡುತ್ತೇವೆ, ಕಿಂಗ್‌ಪಿನ್ ಅದರಲ್ಲಿ ಕೂರುತ್ತದೆ. ಬಿಗಿಯಾಗಿ ತಾಗಬೇಕು, ಎತ್ತಬಾರದು. ಹಿಂದಿನ ಸಣ್ಣ ಜಾಕ್‌ಗಳಿಗೂ ಅಷ್ಟೇ. ಅವು ಅಲುಗದಂತೆ ಹಿಡಿಯಲು ಇರುವುದು, ಭಾರ ಹೊರಲು ಅಲ್ಲ. ಅವುಗಳಿಂದ ಚಕ್ರ ಎತ್ತಲು ಹೋದರೆ ಚಾಸಿ ತಿರುಚಿಕೊಳ್ಳುತ್ತದೆ.

ಕಾಪು ಕಂಟ್ರಾಕ್ಟರ್ ಬರೆದದ್ದು:

ಡಲ್ಲಾಸ್‌ನವರು ಹೇಳಿದ್ದು ಇವತ್ತು ಇಲ್ಲಿ, ನಾಳೆ ಅಲ್ಲಿ ಹೋಗುವ ಗಾಡಿಗೆ ಸರಿ. ಅಕ್ಕನದ್ದು ಎಲ್ಲಿಗೂ ಹೋಗುವುದಿಲ್ಲ ಅಲ್ವಾ? ಮತ್ತೆ ಟೈರ್, ಸ್ಪ್ರಿಂಗ್ ಮೇಲೆ ಯಾಕೆ ನಿಲ್ಲಿಸುವುದು? ಚಾಸಿಯ ಎರಡೂ ಉದ್ದ ಬೀಮಿನ ಅಡಿಗೆ ಕಂಬ ಕಟ್ಟಿ, ಭಾರವನ್ನು ಅದಕ್ಕೇ ಇಳಿಸಿ. ಕುಣಿತ ಬುಡದಲ್ಲೇ ಹೋಗುತ್ತದೆ. ಜಾಕ್ ಒಂದೂ ಬೇಡ.

ಹೊಯಿಗೆಯ ಲೆಕ್ಕ ಹೇಳುತ್ತೇನೆ. ಒಂದು ಕಾಲಿಗೆ 1,000 ಕೆಜಿ ಭಾರ ಬರುತ್ತದೆ ಅಂತ ಇಟ್ಟುಕೊಳ್ಳಿ. ಪಾದ 25 ಸೆಂ.ಮೀ. ಚೌಕ ಇದ್ದರೆ ಪ್ರತಿ ಚದರ ಸೆಂ.ಮೀ.ಗೆ 1.6 ಕೆಜಿ ಒತ್ತುತ್ತದೆ. ಅಡಿಗೆ 75 ಸೆಂ.ಮೀ. ಚೌಕದ ಕಾಂಕ್ರೀಟ್ ಹಾಸು ಹಾಕಿದರೆ 0.2 ಕೆಜಿಯೂ ಬರುವುದಿಲ್ಲ. ಒಂದೂವರೆ ಅಡಿ ತೋಡಿ, ಜಲ್ಲಿ ಹಾಕಿ ಚೆನ್ನಾಗಿ ದಮ್ಮಸು ಹೊಡೆದು, ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಹಾಕಿ. ಅದರ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಕಂಬ ಸಿಮೆಂಟಿನಲ್ಲಿ ಕಟ್ಟಿ. ಕಬ್ಬಿಣ ನೇರ ಮುರಕಲ್ಲಿನ ಮೇಲೆ ಕೂರಬಾರದು, ಅಂಚು ಉದುರುತ್ತದೆ. ನಡುವೆ ದಪ್ಪ ಹಲಗೆ ಇರಲಿ. ಮೂತಿಯ ಅಡಿಗೆ ಎರಡು, ಚಕ್ರದ ಮುಂದೆ ಎರಡು, ಹಿಂದಿನ ತುದಿಗೆ ಎರಡು ಕಂಬ ಸಾಕು.

ಆಮೇಲೆ ಲಾರಿಯ ಬಾಟಲ್ ಜಾಕಿನಲ್ಲಿ ಒಂದೊಂದೇ ಕಡೆ ಸ್ವಲ್ಪ ಎತ್ತಿ, ಹಲಗೆ ಮೇಲೆ ಮರದ ಬೆಣೆ ಹೊಡೆಯಿರಿ. ಟೈರ್ ಗಾಳಿಯಲ್ಲಿ ನೇತಾಡುವಷ್ಟು ಎತ್ತಬೇಡಿ. ಭಾರ ಕಂಬಕ್ಕೆ ಬಂದರೆ ಆಯಿತು. ಎತ್ತುವಾಗ ಯಾರೂ ಅಡಿಗೆ ನುಗ್ಗಬಾರದು. ಮಟ್ಟ ನೋಡಲು ಮೇಸ್ತ್ರಿಯ ನೀರಿನ ಟ್ಯೂಬ್ ಸಾಕು.

ಇನ್ನು ಗಾಳಿ. ಇದನ್ನು ಯಾರೂ ಹೇಳಲಿಲ್ಲ. ಕಟ್ಟಡದ ಮೇಲಿನ ಗಾಳಿಗೆ ಐಎಸ್ 875 ಅಂತ ಒಂದು ಸಂಹಿತೆ ಉಂಟು. ಅದರಲ್ಲಿ ಮಂಗಳೂರಿಗೆ ಹಿಡಿಯುವ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಅಂದರೆ ಚದರ ಮೀಟರಿಗೆ ಸುಮಾರು 93 ಕೆಜಿ ಒತ್ತಡ. ನಿಮ್ಮ ರೂಮಿನ ಉದ್ದ ಬದಿ 6 ಮೀಟರ್, ಎತ್ತರ ಎರಡೂವರೆ ಇದ್ದರೆ ಹೆಚ್ಚುಕಡಿಮೆ 1,400 ಕೆಜಿ ಬದಿಯಿಂದ ತಳ್ಳುತ್ತದೆ. ದಿನಾ ಅಷ್ಟು ಬರುವುದಿಲ್ಲ, ನಿಜ. ಆದರೆ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದದ್ದು ನಿಮ್ಮ ಕಡೆಯವರಿಗೆ ನೆನಪಿರಬೇಕು. ನಾಲ್ಕು ಮೂಲೆಗೆ ಕಾಂಕ್ರೀಟಿನ ಬ್ಲಾಕ್ ಹುಗಿದು, ಅದರಿಂದ ಚಾಸಿಗೆ ಸರಪಳಿ ಹಾಕಿ ಟರ್ನ್‌ಬಕಲ್‌ನಲ್ಲಿ (ತಿರುಗಿಸಿ ಬಿಗಿಯುವ ಕೊಂಡಿ) ಬಿಗಿ ಮಾಡಿ. ತೆಂಗಿನ ಮರಕ್ಕೆ ಮಾತ್ರ ಕಟ್ಟಬೇಡಿ. ಗಾಳಿಗೆ ಮೊದಲು ತೂಗುವುದೇ ಅದು, ನಿಮ್ಮ ರೂಮನ್ನೂ ಎಳೆದುಕೊಂಡು ತೂಗುತ್ತದೆ.

ಉಡುಪಿ ಟು ಡಲ್ಲಾಸ್ ಬರೆದದ್ದು:

ಒಪ್ಪಿದೆ. ಇಲ್ಲಿಯೂ ವರ್ಷಗಟ್ಟಲೆ ಒಂದೇ ಕಡೆ ಬಿಡುವವರು ಚಾಸಿಯ ಅಡಿಗೆ ಕಂಬ ಕೊಟ್ಟು, ಬೆಲ್ಟಿನಲ್ಲಿ ನೆಲಕ್ಕೆ ಕಟ್ಟುತ್ತಾರೆ. ಆದರೂ ಅಕ್ಕ, ಆ ಕುರ್ಚಿ ಹಾಕಿ ನೋಡುವ ಕೆಲಸ ಬಿಡಬೇಡಿ.

ಎರ್ಮಾಳು ಅಕ್ಕ ಬರೆದದ್ದು:

ನೋಡಿದೆ! ಹುಡುಗನನ್ನು ಒಳಗೆ ಓಡಾಡಿಸಿ ಹೊರಗೆ ಕೂತೆ. ಟೈರಿನ ಬದಿ ಉಬ್ಬಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಬಲಗಾಲಿನ ಓರೆ ಪಟ್ಟಿಗೆ ಒಂದು ಕಡೆ ಬೋಲ್ಟೇ ಇಲ್ಲ, ತೂತು ಮಾತ್ರ ಉಂಟು. ಬೈಕಂಪಾಡಿಯವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಮಂಚವನ್ನು ಸದ್ಯಕ್ಕೆ ಬುಕಿಂಗ್‌ನಿಂದ ತೆಗೆದಿದ್ದೇನೆ. ಹಾಲೋ ಬ್ಲಾಕ್ ಹೋಗಿ ಹಲಸಿನ ತುಂಡು ಬಂದಿದೆ. ಕಂಬಕ್ಕೆ ಮೇಸ್ತ್ರಿ ಬುಧವಾರ ಬರುತ್ತಾನೆ. ಹೈಡ್ರಾಲಿಕ್‌ನವನಿಗೆ ಫೋನ್ ಮಾಡಿ ಬೇಡ ಅಂದೆ. ಅವನಿಗೆ ಬೇಜಾರು, ನನಗಿಲ್ಲ.

ಒಂದು ಪ್ರಶ್ನೆ ಉಳಿಯಿತು. ಅಡುಗೆ ಕಟ್ಟೆಯ ಎದುರು ಮಾತ್ರ ಕಾಲಿಟ್ಟರೆ ನೆಲ ಜಗ್ಗುತ್ತದೆ. ಆಗ ಟೈರ್ ಅಲುಗುವುದಿಲ್ಲ. ಅದು ಎಂತದು?

ಕಾಪು ಕಂಟ್ರಾಕ್ಟರ್ ಬರೆದದ್ದು:

ಅದು ಟ್ರೈಲರಿನದ್ದಲ್ಲ, ಪ್ಲೈವುಡ್ಡಿನದ್ದು. ಅಡಿಯ ಅಡ್ಡಪಟ್ಟಿಗಳು ದೂರ ದೂರ ಇರಬೇಕು. ನಡುವೆ ಒಂದೊಂದು ಕಬ್ಬಿಣದ ಚೌಕ ಪೈಪು ಸೇರಿಸಿ ವೆಲ್ಡ್ ಮಾಡಿಸಿ. ಬಾತ್‌ರೂಮಿನ ನೀರು ಪ್ಲೈಗೆ ಇಳಿದಿದೆಯಾ ಅಂತಲೂ ಚೂಪು ಮೊಳೆ ಚುಚ್ಚಿ ನೋಡಿ. ಮೆತ್ತಗಿದ್ದರೆ ಆ ಹಲಗೆ ಬದಲಿಸಿ. ಮಾಡಿನ ನೀರು ಕಂಬದ ಬುಡಕ್ಕೇ ಬೀಳದ ಹಾಗೆ ಒಂದು ದಂಬೆಯೂ ಹಾಕಿಸಿ, ಇಲ್ಲದಿದ್ದರೆ ಜೂನ್‌ನಲ್ಲೇ ಹೊಯಿಗೆ ಕೊರೆಯುತ್ತದೆ.

ಬೈಕಂಪಾಡಿ ಲೈನ್ ಬರೆದದ್ದು:

ಕಾಲಿನ ಗೇರಿಗೆ ಗ್ರೀಸ್ ತುಂಬಿಸಿ ಅಕ್ಕ, ಮಳೆಯ ಮೊದಲೇ. ಕಡಲ ಗಾಳಿಗೆ ಒಮ್ಮೆ ಹಿಡಿದುಕೊಂಡರೆ ಹ್ಯಾಂಡಲ್ ತಿರುಗುವುದಿಲ್ಲ. ಬೋಲ್ಟ್ ಬೇಕಾದರೆ ಹಳೆಯದರ ಅಳತೆ ಹೇಳಿ, ಬೈಕಂಪಾಡಿಯಲ್ಲಿ ಸಿಗುತ್ತದೆ. ಆ ಕಡೆ ಬರುವಾಗ ತಂದುಕೊಡುತ್ತೇನೆ.