‘ಕ್ಲಚ್ ಹಿಡಿಯುತ್ತಿಲ್ಲ’ ಅಂದರೆ ಯಾವ ದೋಷ?

ಬಲ್ಲವರಿಗೆ ನಮಸ್ಕಾರ.

ಕಾರು ಓಡಿಸುವವರಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯೊಂದರಲ್ಲಿ, ಕ್ಲಚ್ ಇದ್ದಕ್ಕಿದ್ದಂತೆ ಕೈಕೊಟ್ಟರೆ ಏನು ಮಾಡಬೇಕು ಎಂಬ ಭಾಗ ನನ್ನ ಪಾಲಿಗೆ ಬಂದಿದೆ. ಕ್ಲಚ್, ಗೇರ್, ಪೆಡಲ್‌ಗಳಿಗೆ ಹೊಸ ಪದ ಟಂಕಿಸುವ ಹುಮ್ಮಸ್ಸು ನನಗಿಲ್ಲ. ಅವು ಕನ್ನಡವೇ ಆಗಿಹೋಗಿವೆ. ತೊಡಕಾಗಿರುವುದು ಅಪ್ಪಟ ಕನ್ನಡದ ಎರಡು ಕ್ರಿಯಾಪದಗಳಿಂದ: ಹಿಡಿ ಮತ್ತು ಬಿಡು.

ಕರಡಿನ ಒಂದು ವಾಕ್ಯ ನೋಡಿ: ‘ಕ್ಲಚ್ ಹಿಡಿಯದಿದ್ದರೆ ಗೇರ್ ಬದಲಿಸಬೇಡಿ.’ ಓದಿದವರೊಬ್ಬರು ಇದನ್ನು ‘ಪೆಡಲ್ ಒತ್ತದೆ ಗೇರ್ ಬದಲಿಸಬೇಡಿ’ ಎಂದು ತಿಳಿದರು. ಗಾಡಿ ರಿಪೇರಿ ಗೊತ್ತಿರುವ ಇನ್ನೊಬ್ಬರು ‘ಪ್ಲೇಟ್ ಜಾರುತ್ತಿದ್ದರೆ ಗೇರ್ ಮುಟ್ಟಬೇಡಿ ಅಂತಲೇ?’ ಎಂದು ಕೇಳಿದರು. ವಾಕ್ಯ ಇಬ್ಬರಿಗೂ ಎಡೆ ಕೊಡುತ್ತದೆ, ಎರಡು ಅರ್ಥಗಳೋ ಒಂದಕ್ಕೊಂದು ತಿರುಗುಮುರುಗು.

ಕಾರಣ ಯಂತ್ರದಲ್ಲೇ ಇದೆ. ಇಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸಿಗೆ ದಾಟಿಸುವುದು, ಬೇಕಾದಾಗ ತಡೆಯುವುದು ಕ್ಲಚ್ಚಿನ ಕೆಲಸ. ಚಾಲಕ ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಡಯಾಫ್ರಮ್ ಸ್ಪ್ರಿಂಗನ್ನು ಒತ್ತುತ್ತದೆ. ಆಗ ಪ್ರೆಷರ್ ಪ್ಲೇಟ್ ಹಿಂದಕ್ಕೆ ಸರಿದು, ಫ್ಲೈವೀಲಿಗೆ (ಇಂಜಿನ್ನಿನ ಜೊತೆ ತಿರುಗುವ ಚಕ್ರಕ್ಕೆ) ಅದುಮಿಕೊಂಡಿದ್ದ ಕ್ಲಚ್ ಪ್ಲೇಟ್ ಸಡಿಲವಾಗುತ್ತದೆ. ಅಂದರೆ ಚಾಲಕ ‘ಹಿಡಿದಾಗ’ ಕ್ಲಚ್ ‘ಬಿಡುತ್ತದೆ’, ಚಾಲಕ ‘ಬಿಟ್ಟಾಗ’ ಕ್ಲಚ್ ‘ಹಿಡಿಯುತ್ತದೆ’. ಬೈಕಿನಲ್ಲಿ ಲಿವರನ್ನು ಕೈಯಲ್ಲೇ ಹಿಡಿಯುವುದರಿಂದ ‘ಕ್ಲಚ್ ಹಿಡಿ, ಗೇರ್ ಹಾಕು, ನಿಧಾನಕ್ಕೆ ಬಿಡು’ ಎನ್ನುವುದು ಅಕ್ಷರಶಃ ಸರಿ. ಕಾರಿನಲ್ಲಿ ಕಾಲಲ್ಲಿ ತುಳಿಯುವಾಗಲೂ ಮಾತು ಅದೇ. ಇತ್ತ ಮೆಕ್ಯಾನಿಕ್‌ಗಳು ‘ಕ್ಲಚ್ ಹಿಡೀತಿಲ್ಲ’ ಎನ್ನುವಾಗ ಹಿಡಿಯಬೇಕಾದದ್ದು ಪ್ಲೇಟು, ಚಾಲಕನಲ್ಲ.

ಇದನ್ನು ಕನ್ನಡದ ಕೊರತೆ ಎನ್ನಲಾರೆ. ‘ಮಳೆ ಹಿಡಿಯಿತು’, ‘ಜ್ವರ ಬಿಟ್ಟಿತು’, ‘ಓಡಿಹೋಗಿ ಬಸ್ ಹಿಡಿದ’, ‘ಬಸ್ ಬಿಟ್ಟಿತು’ ಇವನ್ನೆಲ್ಲ ಯಾರೂ ತಪ್ಪಾಗಿ ತಿಳಿಯುವುದಿಲ್ಲ. ‘ಹಿಡಿದಳು’, ‘ಹಿಡಿಯಿತು’ ಎಂದಾಗ ಹಿಡಿದದ್ದು ಯಾರು, ಯಾವುದು ಎಂಬುದು ಪ್ರತ್ಯಯದಲ್ಲೇ ಬಂದುಬಿಡುತ್ತದೆ. ‘ಹಿಡಿಯದಿದ್ದರೆ’, ‘ಹಿಡಿಯದೆ’, ‘ಬಿಡದಿದ್ದಾಗ’ ಎಂಬ ರೂಪಗಳಲ್ಲಿ ಆ ಪ್ರತ್ಯಯವೇ ಇಲ್ಲ. ದೋಷ ಪತ್ತೆಯ ಬರಹದಲ್ಲಿ ‘ಹೀಗಾಗದಿದ್ದರೆ, ಹಾಗೆ ಮಾಡಿ’ ಎಂಬ ವಾಕ್ಯಗಳೇ ಹೆಚ್ಚು, ಹಾಗಾಗಿ ಗೊಂದಲವೂ ಅಲ್ಲೇ ಮುತ್ತಿಕೊಳ್ಳುತ್ತದೆ.

ಇಷ್ಟು ಕೂದಲು ಸೀಳುವುದೇಕೆ ಎಂದರೆ, ಕ್ಲಚ್ಚಿನ ಎರಡು ಮುಖ್ಯ ದೋಷಗಳು ಪರಸ್ಪರ ವಿರುದ್ಧವಾದವು. ಜನ ಎರಡಕ್ಕೂ ‘ಕ್ಲಚ್ ಹೋಗಿದೆ’ ಎಂದುಬಿಡುತ್ತಾರೆ.

ಮೊದಲನೆಯದು, ಪ್ಲೇಟ್ ಹಿಡಿಯದೆ ಜಾರುವುದು. ‘ಇಂಜಿನ್ ರೇಸ್ ಆಗುತ್ತೆ, ಗಾಡಿ ಎಳೆಯಲ್ಲ’ ಎಂಬ ದೂರು ಇದರದ್ದು. ಮೇಲಿನ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಿರುವಾಗ ಅಥವಾ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ಏರುತ್ತದೆ, ವೇಗ ಇದ್ದಲ್ಲೇ ಇರುತ್ತದೆ. ಜೊತೆಗೆ ಸುಟ್ಟ ವಾಸನೆ. ಪ್ಲೇಟ್ ಸವೆದಿರಬಹುದು. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲು ಇಲ್ಲವೇ ಗೇರ್‌ಬಾಕ್ಸಿನ ಸೀಲು ಸೋರಿ ಪ್ಲೇಟಿಗೆ ಎಣ್ಣೆ ತಾಗಿರಬಹುದು. ಈ ಎರಡರಲ್ಲೂ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿ ಇಲ್ಲ.

ಎರಡನೆಯದು, ಪ್ಲೇಟ್ ಬಿಡದೆ ಇರುವುದು. ‘ಗೇರ್ ಬೀಳ್ತಿಲ್ಲ’ ಎನ್ನುವುದು ಇದಕ್ಕೆ. ರಿವರ್ಸ್ ಹಾಕಿದರೆ ಕರಕರ ಸದ್ದು ಬರುತ್ತದೆ, ಪೆಡಲ್ ಪೂರ್ತಿ ತುಳಿದಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆ. ಇದ್ದಕ್ಕಿದ್ದಂತೆ ಬರುವುದು ಹೆಚ್ಚಾಗಿ ಈ ದೋಷವೇ, ಮತ್ತು ಮೂಲ ಅನೇಕ ಸಲ ಕ್ಲಚ್ಚಿನ ಹೊರಗಿರುತ್ತದೆ. ಕೇಬಲ್ ತುಂಡಾದರೆ ಪೆಡಲ್ ಸತ್ತಂತೆ ನೆಲಕ್ಕೆ ಬೀಳುತ್ತದೆ, ಕಾಲಿಗೆ ಏನೂ ಎದುರಾಗುವುದಿಲ್ಲ. ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಆದರೆ ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರ್ ಅಥವಾ ಕ್ಲಚ್ಚಿನ ಕಡೆಯ ಸ್ಲೇವ್ ಸಿಲಿಂಡರ್ ಸೋರಿರಬಹುದು, ಪೈಪಿನೊಳಗೆ ಗಾಳಿ ಸೇರಿರಬಹುದು. ಹೀಗಿದ್ದಾಗ ನಾಲ್ಕಾರು ಸಲ ಪಂಪ್ ಮಾಡಿದರೆ ಪೆಡಲ್ ತಾತ್ಕಾಲಿಕವಾಗಿ ಗಟ್ಟಿಯಾಗಿ ಗೇರ್ ಬೀಳುವುದುಂಟು, ಅದೇ ಒಳ್ಳೆಯ ಸುಳಿವು. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಬುಡ್ಡಿಯಿಂದ ಆಯಿಲ್ ಹೋಗುತ್ತದೆ. ಮಟ್ಟ ಇಳಿದಿದ್ದರೆ ಬ್ರೇಕನ್ನೂ ಪರೀಕ್ಷಿಸದೆ ಗಾಡಿ ತೆಗೆಯಬಾರದು. ತುಂಬ ದಿನ ತೇವದಲ್ಲಿ ನಿಂತ ಕಾರಿನಲ್ಲಿ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೇ ಅಂಟಿಕೊಳ್ಳುವುದೂ ಇದೆ. ಇವೆಲ್ಲಕ್ಕಿಂತ ಮೊದಲು ಬಗ್ಗಿ ಒಮ್ಮೆ ಪೆಡಲಿನ ಹಿಂದೆ ಕಣ್ಣುಹಾಯಿಸಬೇಕು. ಮ್ಯಾಟ್ ಮಡಚಿಕೊಂಡು ಪೆಡಲಿಗೆ ಅಡ್ಡ ಬಂದಿದ್ದರೂ ಗೇರ್ ಬೀಳುವುದಿಲ್ಲ.

ಎರಡನೆಯ ದೋಷವನ್ನು ಖಚಿತಪಡಿಸಿಕೊಳ್ಳಲು ಸುಲಭದ ಉಪಾಯ: ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಇಂಜಿನ್ ಆಫ್ ಮಾಡಿ, ಪೆಡಲ್ ಪೂರ್ತಿ ಒತ್ತಿ ಗೇರ್ ಹಾಕಿ ನೋಡುವುದು. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಆದಮೇಲೆ ಬೀಳದಿದ್ದರೆ ಕ್ಲಚ್ ಬಿಡುತ್ತಿಲ್ಲ. ಆಫ್ ಇದ್ದಾಗಲೂ ಬೀಳದಿದ್ದರೆ ಗೇರ್ ಲಿವರಿನ ಜೋಡಣೆ ಅಥವಾ ಗೇರ್‌ಬಾಕ್ಸ್ ನೋಡಬೇಕು, ಕ್ಲಚ್ಚನ್ನು ದೂರುವುದು ಆಮೇಲೆ. ಈಗ ಇದನ್ನೇ ‘ಕ್ಲಚ್ ಬಿಡದಿದ್ದರೆ’ ಎಂದು ಬರೆದು ನೋಡಿ. ಕಾಲು ತೆಗೆಯದಿದ್ದರೆ ಎಂದು ಓದುವವರು ಖಂಡಿತ ಇರುತ್ತಾರೆ, ಪೆಡಲಿನಿಂದ ಕಾಲು ತೆಗೆದೇ ಗೇರ್ ಹಾಕಲು ಹೊರಡುತ್ತಾರೆ.

ಹಾಗಾಗಿ ನಾನು ಹಾಕಿಕೊಂಡಿರುವ ಕಟ್ಟಳೆ ಇಷ್ಟು. ಚಾಲಕನ ಕೆಲಸಕ್ಕೆ ‘ಹಿಡಿ’ ಬೇಡ, ‘ಪೆಡಲ್ ಒತ್ತಿ’, ‘ಪೆಡಲ್‌ನಿಂದ ಕಾಲು ತೆಗೆಯಿರಿ’ ಸಾಕು. ‘ಪೆಡಲ್’ ಎಂಬ ಮಾತು ಬಂದರೆ ಕೆಲಸ ಕಾಲಿನದು, ಬರಿಯ ‘ಕ್ಲಚ್’ ಎಂದರೆ ಒಳಗಿನ ಯಂತ್ರದ್ದು. ಮೊದಲ ದೋಷಕ್ಕೆ ‘ಜಾರುವುದು’. ಮಾತಿನಲ್ಲಿ ‘ಸ್ಲಿಪ್ ಆಗ್ತಿದೆ’ ಎನ್ನುವುದೇ ಹೆಚ್ಚು, ಆದರೂ ‘ಕ್ಲಚ್ ಜಾರುತ್ತಿದೆ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸರಿಯಾಗಿರುವ ಸ್ಥಿತಿಗೆ ‘ಕಚ್ಚಿಕೊಳ್ಳುವುದು’ ಎಂದಿಟ್ಟಿದ್ದೇನೆ. ಹಲ್ಲಿಲ್ಲದ ಪ್ಲೇಟು ಕಚ್ಚುವುದು ಹೇಗೆ ಎಂದು ಒಬ್ಬರು ತಕರಾರು ತೆಗೆದಿದ್ದಾರೆ. ಚಪ್ಪಲಿ ಕಾಲು ಕಚ್ಚುವುದಕ್ಕೆ ಹಲ್ಲು ಬೇಕಿಲ್ಲವಲ್ಲ, ಹಾಗಾಗಿ ಅದನ್ನು ತೆಗೆದಿಲ್ಲ.

ಒದ್ದಾಟವೆಲ್ಲ ಎರಡನೆಯ ದೋಷದ ಹೆಸರಿಗೆ. ‘ಅಂಟಿಕೊಂಡಿದೆ’ ಎಂದರೆ ತುಕ್ಕಿನ ಪ್ರಸಂಗಕ್ಕೆ ಮಾತ್ರ ಹೊಂದುತ್ತದೆ. ಕೇಬಲ್ ತುಂಡಾದಾಗ ಅಂಟಿದ್ದು ಏನೂ ಇಲ್ಲ, ಬಿಡಿಸುವ ಕೈಯೇ ಇಲ್ಲವಾಗಿರುತ್ತದೆ. ‘ಬಿಡುಗಡೆಯಾಗುತ್ತಿಲ್ಲ’ ಎಂದರೆ ಜೈಲಿನ ನೆನಪು ಬರುತ್ತದೆ. ‘ಬೇರ್ಪಡುತ್ತಿಲ್ಲ’ ಸ್ಪಷ್ಟವಾಗಿದೆ, ಆದರೆ ಬಾಯಲ್ಲಿ ಯಾರೂ ಹಾಗೆ ಹೇಳುವುದು ಕೇಳಿಲ್ಲ. ‘ಬಿಡಿಸಿಕೊಳ್ಳುತ್ತಿಲ್ಲ’ ಎನ್ನುವುದರ ಕಡೆಗೆ ಸದ್ಯ ನನ್ನ ಒಲವು. ‘-ಕೊಳ್ಳು’ ಸೇರಿದ್ದರಿಂದ ಕ್ರಿಯೆ ಕ್ಲಚ್ಚಿನದ್ದೇ ಎಂದು ತಿಳಿಯುತ್ತದೆ, ‘ಬಿಡಿಸಿಕೊಳ್ಳದಿದ್ದರೆ’ ಎಂದು ನಿಷೇಧದಲ್ಲಿ ಹೇಳಿದರೂ ಚಾಲಕನ ಕಾಲಿಗೆ ತಗಲಿಕೊಳ್ಳುವುದಿಲ್ಲ.

ಇದರ ಜೊತೆ ಒಂದು ಚಿಕ್ಕ ಪ್ರಶ್ನೆ, ‘ಆಟ’ ಎಂಬ ಪದದ ಬಗ್ಗೆ. ಕೇಬಲ್ ಇರುವ ಹಲವು ಕಾರುಗಳಲ್ಲಿ ಪೆಡಲಿನ ಮೊದಲ ಸ್ವಲ್ಪ ದೂರ ಸಡಿಲವಾಗಿರಬೇಕು. ಅದು ಇಲ್ಲದಿದ್ದರೆ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಒಳ್ಳೆಯ ಪ್ಲೇಟೂ ಜಾರತೊಡಗುತ್ತದೆ. ಇದನ್ನು ‘ಪೆಡಲಿನಲ್ಲಿ ಸ್ವಲ್ಪ ಆಟ ಇರಲಿ’ ಎಂದು ಬರೆದಿದ್ದೇನೆ. ಆದರೆ ‘ಸ್ಟೀರಿಂಗಿನಲ್ಲಿ ಆಟ ಬಂದಿದೆ’ ಎನ್ನುವಾಗ ಅದೇ ಪದ ದೋಷದ ಹೆಸರು. ‘ಆಟ ಇರಲಿ’, ‘ಆಟ ಬಂದಿದೆ’ ಎಂಬಲ್ಲಿ ಕ್ರಿಯಾಪದವೇ ವ್ಯತ್ಯಾಸ ಹೇಳುತ್ತದೆ ಎಂಬುದು ನನ್ನ ಲೆಕ್ಕ. ಓದುಗರಿಗೂ ಹಾಗೆ ಅನಿಸೀತೇ?

ಗ್ಯಾರೇಜಿನ ಒಡನಾಟ ಇರುವವರು ದಯವಿಟ್ಟು ಹೇಳಿ: ಪೆಡಲ್ ತುಳಿದರೂ ಗೇರ್ ಬೀಳದ ದೋಷಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಮಾತು ಯಾವುದು? ಪದ ಮಾತ್ರ ಬೇಡ, ಅದನ್ನು ಬಳಸುವ ಪೂರ್ತಿ ವಾಕ್ಯ ಕೊಟ್ಟರೆ ಉಪಕಾರ, ನಿಷೇಧ ರೂಪದಲ್ಲಿದ್ದರೆ ಇನ್ನೂ ಒಳ್ಳೆಯದು.