ಹಳೆಯ ಬೋಟಿನ ಕ್ಯಾಬಿನ್ ಕಿಟಕಿ: ಮೂರು ಸಲ ಸಿಲಿಕೋನ್ ಹಾಕಿದರೂ ಸೋರಿಕೆ ನಿಂತಿಲ್ಲ

ಪ್ರಶ್ನೆ

ಕಳೆದ ವರ್ಷ ನಾನೂ ನನ್ನ ಭಾವನೂ ಸೇರಿ ಮಲ್ಪೆಯಲ್ಲಿ ಹಳೆಯ ಫೈಬರ್ ಬೋಟೊಂದನ್ನು ಕೊಂಡೆವು. ಕ್ಯಾಬಿನ್ನಿನ ಮುಂಭಾಗದಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಮೂರು ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಕಿಟಕಿಗಳಿವೆ. ತೆರೆ ಬಡಿದಾಗಲೆಲ್ಲ ನಡುವಿನ ಕಿಟಕಿಯ ಕೆಳಮೂಲೆಯಿಂದ ನೀರು ಜಿನುಗಿ, ವಯರುಗಳಿರುವ ಹಲಗೆಯ ಮೇಲೆ ಇಳಿಯುತ್ತದೆ. ಹೊರಗಿನಿಂದ ಮೂರು ಸಲ ಸಿಲಿಕೋನ್ ಹಾಕಿದ್ದಾಯಿತು. ಪ್ರತಿ ಸಲವೂ ಹದಿನೈದು ದಿನ ತಡೆದು ಮತ್ತೆ ಸೋರತೊಡಗುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟು ಹೇಗೂ ದಕ್ಕೆಯಲ್ಲೇ ಇರುವುದರಿಂದ, ಅಷ್ಟರೊಳಗೆ ಇದನ್ನು ಸರಿಯಾಗಿ ಮುಗಿಸುವ ಕ್ರಮವನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಹಳೆಯ ಸಿಲಿಕೋನಿನ ಮೇಲೆ ಯಾವುದೂ ಗಟ್ಟಿಯಾಗಿ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ. ನಿಮ್ಮ ಮೂರು ಪ್ರಯತ್ನಗಳೂ ಕೆಟ್ಟದ್ದು ಬಹುಶಃ ಇಲ್ಲಿಯೇ. ಮೊದಲು ಸೋರುವ ಜಾಗವನ್ನು ಖಚಿತಪಡಿಸಿಕೊಳ್ಳಿ. ಒಬ್ಬರು ಒಳಗೆ ಟಾರ್ಚು ಹಿಡಿದು ಕೂರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡುತ್ತ, ಕೆಳಗಿನ ಅಂಚಿನಿಂದ ಆರಂಭಿಸಿ, ಒಂದೊಂದು ಜಾಗದಲ್ಲಿ ಐದು ನಿಮಿಷ ನಿಂತು ಮೇಲಕ್ಕೆ ಹೋಗಲಿ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲೆಡೆ ಹರಿದು ಏನೂ ತಿಳಿಯುವುದಿಲ್ಲ. ಚೌಕಟ್ಟಿನ ಹಿಂದೆ ನುಗ್ಗಿದ ನೀರು ಅಡ್ಡಲಾಗಿ ಹರಿದು ಬೇರೆ ಮೂಲೆಯಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಉತ್ತರ 2

ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ: ಚೌಕಟ್ಟನ್ನು ಪೂರ್ತಿ ಬಿಚ್ಚದೆ ಈ ಕೆಲಸ ಆಗುವುದಿಲ್ಲ. ಅಕ್ರಿಲಿಕ್ ಹಾಳೆಯನ್ನು ಚೌಕಟ್ಟಿಗೆ ಕೂರಿಸಲು ನ್ಯೂಟ್ರಲ್ ಸಿಲಿಕೋನನ್ನೇ ಕೇಳಿ ಪಡೆಯಿರಿ. ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಪಾಲಿಸಲ್ಫೈಡ್ ಅಂಟು ಅಕ್ರಿಲಿಕ್ಕಿಗೆ ಆಗುವುದೇ ಇಲ್ಲ. ಒರೆಸಲು ಥಿನ್ನರ್ ಅಥವಾ ಅಸಿಟೋನ್ ಬಳಸಿದರೆ ಹಾಳೆಯ ತುಂಬ ಕೂದಲೆಳೆಯಂಥ ಬಿರುಕುಗಳೇಳುತ್ತವೆ. 80 ಸೆಂಟಿಮೀಟರ್ ಉದ್ದದ ಅಕ್ರಿಲಿಕ್ ಹಾಳೆಯು 25 ಡಿಗ್ರಿ ಬಿಸಿ ಏರಿದಾಗ ಸುಮಾರು 1.4 ಮಿಲಿಮೀಟರ್ ಹಿಗ್ಗುವುದರಿಂದ, ಸುತ್ತಲೂ ಎರಡು ಮೂರು ಮಿಲಿಮೀಟರ್ ಜಾಗ ಬಿಡಲೇಬೇಕು. ಚೌಕಟ್ಟಿಗೂ ಕ್ಯಾಬಿನ್ನಿಗೂ ನಡುವೆ ನಾನು ಬ್ಯೂಟೈಲ್ ಟೇಪನ್ನೇ (ಮೆತ್ತಗಿನ, ಅಂಟುವ ರಬ್ಬರ್ ಪಟ್ಟಿ) ಮೆಚ್ಚುತ್ತೇನೆ. ಅದು ಒಣಗಿ ಗಟ್ಟಿಯಾಗುವುದಿಲ್ಲ, ಮುಂದೆ ಬಿಚ್ಚುವುದೂ ಸುಲಭ. ಆದರೆ ಸ್ಕ್ರೂಗಳನ್ನು ಒಂದೇ ದಿನ ಬಿಗಿಮಾಡಬೇಡಿ. ದಿನಕ್ಕೆ ಕಾಲು ಸುತ್ತಿನಂತೆ ಬಿಗಿದರೆ ಟೇಪು ನಿಧಾನವಾಗಿ ಹೊರಬಂದು ಎಲ್ಲ ಸಂದುಗಳನ್ನು ತುಂಬುತ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ಚೌಕಟ್ಟು ಬಿಚ್ಚಿದೆವು. ಸೋರುತ್ತಿದ್ದುದು ಮೇಲಿನ ಎಡಗಡೆಯ ಸ್ಕ್ರೂ ರಂಧ್ರದಿಂದ. ನಾವು ಸಿಲಿಕೋನ್ ಬಳಿದದ್ದು ಕೆಳಗಿನ ಬಲಮೂಲೆಗೆ! ಕೆಳಗಡೆ ಫೈಬರಿನ ಎರಡು ಪದರಗಳ ನಡುವಿನ ಪ್ಲೈವುಡ್ ಕಪ್ಪಾಗಿದೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯುತ್ತದೆ. ಇದರ ಮೇಲೆಯೇ ಟೇಪು ಹಾಕಬಹುದೇ?

ಉತ್ತರ 3

ಖಂಡಿತ ಬೇಡ. ಮೆತ್ತಗಾದ ಪ್ಲೈವುಡ್ಡನ್ನು ಗಟ್ಟಿ ಮರ ಸಿಗುವವರೆಗೆ ಕೆರೆದು ತೆಗೆಯಿರಿ. ಟಾರ್ಪಾಲು ಕಟ್ಟಿ, ಒಳಗೆ ಫ್ಯಾನು ಹಾಕಿ ಚೆನ್ನಾಗಿ ಒಣಗಿಸಿದ ಮೇಲೆ, ಫಿಲ್ಲರ್ ಪುಡಿ ಬೆರೆಸಿ ಗಟ್ಟಿಯಾಗಿ ಕಲಸಿದ ಎಪಾಕ್ಸಿಯಿಂದ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಆ ಸಂದನ್ನು ತುಂಬಿರಿ. ಪ್ರತಿ ಸ್ಕ್ರೂ ರಂಧ್ರವನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ನಂತರ ಅದರ ನಡುವೆ ಹೊಸ ರಂಧ್ರ ಮಾಡಿದರೆ ಮುಂದೆ ಸ್ಕ್ರೂವಿನ ಬಳಿ ನೀರು ಬಂದರೂ ಮರಕ್ಕೆ ತಗಲುವುದಿಲ್ಲ. ಆಟಿ ತಿಂಗಳ ಮಳೆಯ ತೇವದಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಟೇಪು ಹಚ್ಚುವ ಮುನ್ನ ಅದನ್ನು ಬರೀ ನೀರಿನಿಂದ ತೊಳೆದು, ಒಣಗಿಸಿ, ಉಜ್ಜುಕಾಗದದಿಂದ ಉಜ್ಜಿರಿ. ಉಳಿದ ಎರಡು ಕಿಟಕಿಗಳನ್ನೂ ಈಗಲೇ ಬಿಚ್ಚಿ ನೋಡಿ.